ಮರಳಿ ಬಂದ ಚೀಲ

ದೊಡ್ಡನೆಕ್ಕುಂದಿ, ಬೆಂಗಳೂರು
10 ನವೆಂಬರ್ 2024, ಭಾನುವಾರ

ಪ್ರೀತಿಯ ರೇವತಿಗೆ ನಿನ್ನ ಅಕ್ಕ ಹುಸೇನಮ್ಮ ಮಾಡುವ ಆಶೀರ್ವಾದಗಳು.

ಮೈಯಲ್ಲಿ ಹೇಗಿದ್ದೀಯವ್ವಾ? ನಿನ್ನ ಮೊಣಕಾಲು ನೋವು ಇಳಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಒಬ್ಬಳಿಗೆ ಯಾವ ಅಡಿಗೆ ಎಂದು ಬೆಳಗಿನ ರೊಟ್ಟಿಯನ್ನೇ ನೆನೆಸಿ ತಿನ್ನುತ್ತೀಯೋ? ಹಾಸ್ಟೆಲಿನಿಂದ ನಿನ್ನ ಮಗಳು ಪದ್ಮಶ್ರೀ ಫೋನ್ ಮಾಡುತ್ತಿದ್ದಾಳೆ ತಾನೇ? ಇಲ್ಲಿ ನಾವು ಇದ್ದೇವೆ. ಕಂಪನಿಯಲ್ಲಿ ನನ್ನ ಕಸಗುಡಿಸುವ ಪಾಳಿ ಮಧ್ಯಾಹ್ನಕ್ಕೆ ಬದಲಾಗಿದೆ. ನಮ್ಮ ಮನೆಯವರಿಗೆ ಸಿಮೆಂಟಿನ ಧೂಳಿಗೆ ಕೆಮ್ಮು, ಹೇಳಿದರೆ ಕೇಳುವ ಜಾತಿಯಲ್ಲ.

ನಿನ್ನೆ ನಮ್ಮೂರ ನಿಂಗಣ್ಣ ಬಸ್ಸಿಳಿದು ಬಂದು ನೀನು ಕಳಿಸಿದ ಚೀಲ ಕೊಟ್ಟ. ಬಿಚ್ಚಿದೆ. ನೆಂಟರ ಮದುವೆಗೆಂದು ನೀನು ಇಸಕೊಂಡಿದ್ದ ನನ್ನ ಇಳಕಲ್ ಸೀರೆ, ನಮ್ಮ ಕಂಬಳಿ, ಮೂರು ವರ್ಷದ ಹಿಂದೆ ಉಪ್ಪಿನಕಾಯಿ ಹಾಕಿ ಕಳಿಸಿದ್ದ ಸ್ಟೀಲ್ ಡಬ್ಬಿ ಕೂಡ, ತೊಳೆದು ಒರೆಸಿ ಇಟ್ಟಿದ್ದೀಯ. ತಳದಲ್ಲಿ ಒಂದು ಚೀಟಿ: ಪದ್ಮಶ್ರೀ ಓದು ನೀವೇ ನೋಡಿಕೊಳ್ಳಿರಿ ಯಕ್ಕಾ. ನಮ್ಮ ಓನರ್ ಪಟಾಲಮ್ಮನವರು ಬಾಗಿಲಲ್ಲೇ ನಿಂತಿದ್ದರು. 'ನೋಡಮ್ಮ, ಈ ಕಾಲದಲ್ಲಿ ಇಸ್ಕೊಂಡಿದ್ದನ್ನ ಯಾರು ವಾಪಸ್ ಕೊಡ್ತಾರೆ, ಎಂಥಾ ಒಳ್ಳೆ ಹೆಣ್ಣುಮಗಳು' ಅಂದರು. ಆಗಲೇ ನಿನಗೆ ಫೋನ್ ಮಾಡಿದೆ. ನೀನು 'ಆರಾಮದೀನಿ ಯಕ್ಕಾ' ಅಂದು ಇಟ್ಟುಬಿಟ್ಟೆ. ನಾಲ್ಕು ಸಲ ಮಾಡಿದರೂ ಆಮೇಲೆ ಎತ್ತಲಿಲ್ಲ.

ನಿನಗೆ ನಾನು ಈವರೆಗೆ ಹೇಳದ ಮಾತೊಂದಿದೆ. ನಿನ್ನ ಗಂಡ, ನನ್ನ ತಮ್ಮ ಲಕ್ಷ್ಮಿಕಾಂತ ತೀರಿಹೋಗುವ ನಾಲ್ಕು ದಿನ ಮೊದಲು ಈ ಖೋಲಿಗೆ ಬಂದಿದ್ದ. ಟೈಲ್ಸ್ ಕೊರೆಯುವ ಮಷೀನನ್ನು ಮೇಸ್ತ್ರಿಗೆ ತಿರುಗಿ ಕೊಟ್ಟು, ಮರ್ಫಿ ಟೌನಿನ ಗೆಳೆಯನ ಛತ್ರಿ ಅವನ ಮನೆಗೇ ಮುಟ್ಟಿಸಿ ಬಂದಿದ್ದ. ಇಲ್ಲಿ ಹೊಸ್ತಿಲ ಮೇಲೆ ಕೂತು, 'ಯಕ್ಕಾ, ನಿಂದೇನರ ನನ್ನತ್ರ ಉಳಿದೈತೇನು?' ಎಂದು ಕೇಳಿದ. ನಾನು ನಕ್ಕೆ. ಈಗ ಬುದ್ಧಿ ಬಂತು ನೋಡು ನನ್ನ ತಮ್ಮನಿಗೆ ಅಂದೆ. ಚಹಾ ಕುಡಿಸಿ ಬಸ್ಸು ಹತ್ತಿಸಿದೆ. ಅವನ ಮುಖ ಬಾಡಿದ್ದು ಕಂಡಿತ್ತು, ಕೇಳಲಿಲ್ಲ. ಯಾಕೆ ಹಾಗೆ ಮಾಡಿಕೊಂಡ ಎಂಬುದಕ್ಕೆ ಇವತ್ತಿಗೂ ಒಂದು ಕಾರಣ ಕೈಗೆ ಸಿಕ್ಕಿಲ್ಲ. ಆದರೆ ಈ ಎರಡು ವರ್ಷ ಕೆಲಸ ಮುಗಿಸಿ ಮೆಟ್ಟಿಲು ಹತ್ತುವಾಗೆಲ್ಲ ಅವನು ಅಲ್ಲೇ ಕೂತಿರುತ್ತಾನೆ. ಅದನ್ನೇ ಕೇಳುತ್ತಾನೆ. ನಾನು ಸೆರಗು ಒತ್ತಿಕೊಂಡು ದಾಟಿ ಒಳಗೆ ಬರುತ್ತೇನೆ.

ಊರಿಗೆ ಬಂದು ನಾನು ಮಾಡಿದ್ದೇನು? ಅವನು ಹೊಟ್ಟೆನೋವು ಬಂದು ತೀರಿಕೊಂಡ ಎಂದು ಹೇಳಿದೆ. ಮಣ್ಣಿಗೆ ಬಂದವರಿಗೆಲ್ಲ ಅದನ್ನೇ ಹೇಳಿದೆ. ನಿನ್ನ ಕೈ ಹಿಡಿದು, ನೀನೂ ಹೀಗೇ ಅನ್ನು, ನಾಳೆ ಪದ್ಮಶ್ರೀಗೆ ಗಂಡು ಸಿಗಬೇಕು ಅಂತ ಹೇಳಿಕೊಟ್ಟವಳೂ ನಾನೇ. ಊರ ಬಾಯಿ ಮುಚ್ಚಲು ಹೋಗಿ ನಿನ್ನ ಬಾಯಿ ಮುಚ್ಚಿಸಿದೆ. ನೀನು ಗಟ್ಟಿಯಾಗಿ ಅಳಲೂ ಇಲ್ಲ.

ಹೋದ ತಿಂಗಳು ನಮ್ಮೂರ ಆಶಾ ಕಾರ್ಯಕರ್ತೆ ವೆಂಕಟಮ್ಮ ಮಗಳ ಬಾಣಂತನಕ್ಕೆ ಹಲಸೂರಿಗೆ ಬಂದಿದ್ದಳು. ನೋಡಲು ಹೋದೆ. ಊರಿನ ಮಹಿಳಾ ಸಂಘದ ಹೆಂಗಸರು ಈಗ ಏನೇನು ಮಾಡುತ್ತಿದ್ದಾರೆ ಎಂದು ಹೇಳಿದಳು. ಹೊಲಕ್ಕೆ ಹೊಡೆಯುವ ಔಷಧಿಯನ್ನು ಯಾರೂ ಮನೆಯಲ್ಲಿ ಇಡುವ ಹಾಗಿಲ್ಲವಂತೆ. ಅದನ್ನೆಲ್ಲ ತಂದಿಟ್ಟ ಹಳೇ ಅಂಗನವಾಡಿ ಕೋಣೆಗೆ ಎರಡು ಬೀಗ, ಎರಡು ಬೀಗದ ಕೈ ಇಬ್ಬರ ಹತ್ತಿರ. ಹೀಗೆ ಜೀವ ಕಳೆದುಕೊಂಡವರ ಮನೆಗಳ ಪಟ್ಟಿ ಬರೆದಿದ್ದಾರಂತೆ. ವಾರಕ್ಕೆರಡು ಸಲ ಇಬ್ಬರು ಹೋಗಿ ಕೂತು, ಅವರ ಜೊತೆಗೇ ರೊಟ್ಟಿ ಬಡಿದು, ಬುದ್ಧಿ ಹೇಳದೆ ಅವರು ಹೇಳಿದ್ದನ್ನು ಕೇಳಿ ಬರುತ್ತಾರಂತೆ. ನಿದ್ದೆ ಇಲ್ಲದವರನ್ನು ತಾಲ್ಲೂಕು ಆಸ್ಪತ್ರೆಯ ಡಾಕ್ಟರ ಹತ್ತಿರ ತಾವೇ ಕರೆದುಕೊಂಡು ಹೋಗುತ್ತಾರೆ. ನಮ್ಮ ರೇವತಿ ಮನೆಗೂ ಹೋಗುತ್ತೀರೇನು ಎಂದು ಕೇಳಿದೆ. 'ನಿಮ್ಮದು ಹೊಟ್ಟೆಬ್ಯಾನಿ ಅಲ್ಲೇನವ್ವಾ, ಅದಕ್ಕ ಹೋಗೂದಿಲ್ಲ' ಅಂದಳು.

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಕೂಸಿನ ತಲೆ ಸವರಿ, ಕೊಟ್ಟ ಚಹಾ ಕುಡಿದು, ಬಸ್ಸು ಹಿಡಿದು ಬಂದೆ. ಪಟ್ಟಿಯಲ್ಲಿದ್ದ ಮನೆಗಳಿಗೆಲ್ಲ ಅವರು ಬಂದು ಕೂರುತ್ತಿದ್ದರು, ನಿನ್ನ ಬಾಗಿಲು ಮಾತ್ರ ದಾಟಿ ಹೋಗುತ್ತಿದ್ದರು. ಅದು ನನ್ನಿಂದ. ಬೈಯುವುದಿದ್ದರೆ ನನ್ನ ಎದುರಿಗೇ ಬೈಯಿ, ನಿನಗೆ ಆ ಹಕ್ಕಿದೆ.

ಈ ಕಾಗದದ ಜೊತೆ ಸೀರೆಯನ್ನೂ ಕಂಬಳಿಯನ್ನೂ ನಮ್ಮ ಮನೆಯವರ ಕೈಯಲ್ಲಿ ತಿರುಗಿ ಕಳಿಸುತ್ತಿದ್ದೇನೆ. ಅವರು ಒಂದು ವಾರ ಅಲ್ಲೇ ಇರುತ್ತಾರೆ. ಬೇಡ ಅನ್ನಬೇಡ, ಅಂದರೂ ಅವರು ಕೇಳುವುದಿಲ್ಲ. ಬುಧವಾರ ರಜೆ ಸಿಕ್ಕರೆ ನಾನೂ ಬರುತ್ತೇನೆ, ಸಿಗದಿದ್ದರೆ ಕೆಲಸ ಬಿಟ್ಟು ಬರುತ್ತೇನೆ. ದೇವರು ನಿನ್ನನ್ನು ನೂರು ವರ್ಷ ಚೆನ್ನಾಗಿಟ್ಟಿರಲಿ.

ನಿನ್ನನ್ನು ಬಿಟ್ಟುಕೊಡದ,
ಹುಸೇನಮ್ಮ

ತಾ.ಕ.: ಇವರು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಈಗಷ್ಟೇ ವೆಂಕಟಮ್ಮನಿಗೆ ಫೋನ್ ಮಾಡಿ, ಅದು ಹೊಟ್ಟೆನೋವಲ್ಲ, ನನ್ನ ತಮ್ಮ ತಾನಾಗಿ ಜೀವ ಕಳೆದುಕೊಂಡ, ಸುಳ್ಳು ಹೇಳಿದವಳು ನಾನು ಎಂದೆ. ಅವಳು ಊರಿಗೆ ಮರಳಿದ್ದಾಳೆ. ಬೈಯಲಿಲ್ಲ. 'ಹಂಚಿನ ಮ್ಯಾಲ ರೊಟ್ಟಿ ಐತಿ, ಇಳಿಸಿ ಹೊಂಟೆ' ಅಂದಳು. ನೀನು ಇದನ್ನು ಓದುವಾಗ ಅವಳು ನಿನ್ನ ಪಕ್ಕದಲ್ಲೇ ಇರುತ್ತಾಳೆ. ರೇವತಿ, ಸಾಯಬೇಕು ಅನ್ನಿಸುತ್ತಿದೆಯಾ? ಹೌದಾದರೆ ಹೌದು ಅಂತ ಅವಳಿಗೆ ಹೇಳಿಬಿಡು. ಅವನನ್ನು ಕೇಳಲು ನನಗೆ ಹೆದರಿಕೆಯಾಗಿತ್ತು. ನಿನ್ನನ್ನು ಕೇಳುತ್ತಿದ್ದೇನೆ.