ಕಾಶವ್ವನ ಗಂಟು, ಅಡಿವೆಪ್ಪನವರ ಎಮ್ಮೆ

ಶ್ರಾವಣದ ಏಳನೆಯ ದಿನ, ಕ್ರಿ.ಶ. ೨೨೮೬
ಅಥಣಿ

ಹಾಲಿನ ವ್ಯಾಪಾರಿ ಅಡಿವೆಪ್ಪನವರಿಗೆ,

ನಿಮ್ಮ ಮಗಳು ಭಾರತಿಯ ವಂಶದಲ್ಲಿ ಎಂಟನೆಯ ತಲೆಮಾರಿನವಳಾದ ಚಿನ್ಮತಿ ಬರೆಯುವುದು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಇದೊಂದಕ್ಕೇ.

ನಮ್ಮ ಬಚ್ಚಲುಮನೆಗಳಲ್ಲಿ ಮೈಗನ್ನಡಿ ಇರುತ್ತದೆ. ಮೈಯೊಳಗಿನ ಗಂಟು ಸಾಸಿವೆಯಷ್ಟಿರುವಾಗಲೇ ಅದು ತೋರಿಸಿಬಿಡುತ್ತದೆ. ಹೋದ ವಾರ ನನ್ನ ತಂಗಿಗೆ ತೋರಿಸಿತು. ಅವಳು ಅಲ್ಲಿಂದಲೇ ಮೊಲೆಯಲ್ಲಿ ಗಂಟು ಎಂದು ಕೂಗಿದಳು. ಅಪ್ಪ ಒಲೆ ಆರಿಸಿ ಅವಳೊಡನೆ ಆಸ್ಪತ್ರೆಗೆ ನಡೆದರು. ಸಂಜೆ ಚಿಕಿತ್ಸೆ ಮುಗಿಸಿ ಬಂದವಳು ಸಾರಿಗೆ ಉಪ್ಪು ಸಾಲದೆಂದು ಜಗಳ ತೆಗೆದಳು. ಮೊಲೆ ಎಂಬ ಪದ ಕೇಳಿ ನಿಮ್ಮ ಮುಖ ಕೆಂಪಾಯಿತೇ? ಆಗಲಿ.

ನಿಮ್ಮ ಹೆಂಡತಿ ಕಾಶವ್ವನಿಗೂ ಗಂಟಾಗಿದೆ. ನೋವಿಲ್ಲವೆಂದು ಯುಗಾದಿಯಿಂದ ಸುಮ್ಮನಿದ್ದು, ಮೊನ್ನೆ ನಿಮಗೆ ಹೇಳಿದಳು. ನಿಮ್ಮ ಉತ್ತರ ನಮ್ಮ ಮನೆಯ ಹೆಂಗಸರ ಬಾಯಲ್ಲಿ ಇಂದಿಗೂ ಇದೆ: "ಭಾರತಿ ಲಗ್ನ ಆಗ್ಲಿ, ಆಮ್ಯಾಲ ನೋಡೂಣು. ಈಗ ದವಾಖಾನಿಗೆ ಹೋದ್ರ ಬೀಗರ ಕಿವಿಗೆ ಬೀಳೂದಿಲ್ಲೇನ? ತಾಯಿಗೆ ಇಂಥಾ ಬ್ಯಾನಿ ಅಂದ್ರ ಮಗಳನ್ನ ಯಾರ ಮಾಡ್ಕೋತಾರ?"

ಅದೇ ದಿನ ನಿಮ್ಮ ಎಮ್ಮೆಗೆ ಕೆಚ್ಚಲು ಬಾವು ಬಂತು. ಎಂಥ ಓಟ ಓಡಿದಿರಿ, ಯಜಮಾನರೇ! ದನದ ಡಾಕ್ಟರನ್ನು ಬೈಕಿನ ಹಿಂದೆ ಕೂರಿಸಿಕೊಂಡೇ ಬಂದಿರಿ. ಕೆಚ್ಚಲು ಎಲ್ಲಿ ಗಟ್ಟಿಯಾಗಿದೆ, ಯಾವ ತೊಟ್ಟಿನಲ್ಲಿ ಹಾಲು ಒಡೆದು ಬರುತ್ತಿದೆ ಎಂದು ಓಣಿಗೆಲ್ಲ ಕೇಳುವಂತೆ ವಿವರಿಸಿದಿರಿ. ಆಗ ನಿಮ್ಮ ಮರ್ಯಾದೆ ಎಲ್ಲಿ ಮೇಯಲು ಹೋಗಿತ್ತು? ಎಮ್ಮೆ ಈಗ ಆರಾಮಾಗಿ ಮೇವು ತಿನ್ನುತ್ತಿದೆ.

ಮುಂದಿನದನ್ನೂ ಕೇಳಿ. ಲಗ್ನ ಜೋರಾಗಿಯೇ ಆಗುತ್ತದೆ. ಬೀಗರು ಹೊಟ್ಟೆ ಬಿರಿಯುವಂತೆ ಹೋಳಿಗೆ ತಿನ್ನುತ್ತಾರೆ. ಅಕ್ಷತೆ ಹಾಕಲು ಕಾಶವ್ವನಿಗೆ ಕೈ ಎತ್ತಲಾಗುವುದಿಲ್ಲ. ಆಮೇಲೆ ನೀವು ನೋಡುವ ಹೊತ್ತಿಗೆ ಡಾಕ್ಟರು ಕೈಚೆಲ್ಲುತ್ತಾರೆ. ಕೆಲವು ವರ್ಷಕ್ಕೆ ಭಾರತಿಗೂ ಗಂಟಾಗುತ್ತದೆ. ಅವಳು ಯಾರಿಗೂ ಹೇಳುವುದಿಲ್ಲ, ಪುಟ್ಟ ಮಗಳನ್ನು ಬಿಟ್ಟು ಸಾಯುತ್ತಾಳೆ. ಮುಚ್ಚಿಡುವುದನ್ನು ಅವಳಿಗೆ ಕಲಿಸಿದವರು ನೀವು. ನಿಮ್ಮನ್ನು ಅಜ್ಜ ಎನ್ನಲು ನನಗೆ ಹೇಸಿಗೆ.

ನಿಮ್ಮೊಡನೆ ಮಾತು ಸಾಕು. ಬಂದ ಕಾಗದಗಳನ್ನೆಲ್ಲ ನೀವು ಭಾರತಿಯಿಂದ ಗಟ್ಟಿಯಾಗಿ ಓದಿಸುತ್ತೀರೆಂದೂ ಕಾಶವ್ವ ಪಕ್ಕದಲ್ಲೇ ಕೂತಿರುತ್ತಾಳೆಂದೂ ನನಗೆ ಗೊತ್ತು.

ಕಾಶವ್ವಜ್ಜಿ, ಈ ಮನುಷ್ಯನ ಅಪ್ಪಣೆಗೆ ಕಾಯಬೇಡ. ಭಾರತಿ, ಅವ್ವನನ್ನು ನೀನೇ ಕರೆದುಕೊಂಡು ಹೋಗು. ಬೀಗರು ಕೇಳಿದರೆ ನಿಜ ಹೇಳು. ಸಂಬಂಧ ಮುರಿದುಬಿದ್ದರೆ ನಾನು ಹುಟ್ಟುವುದಿಲ್ಲ, ನನ್ನ ತಂಗಿಯೂ ಹುಟ್ಟುವುದಿಲ್ಲ. ನಾವಿಬ್ಬರೂ ಕೂತು ಯೋಚಿಸಿಯೇ ಇದನ್ನು ಬರೆದಿದ್ದೇವೆ. ಓದಿದ್ದು ಸಾಕು, ಏಳು, ಚಪ್ಪಲಿ ಮೆಟ್ಟಿಕೋ.