ಶೀನಪ್ಪಜ್ಜನಿಗೆ ಒಂದೇ ಸಾಕ್ಷಿ

ಮಾವಾ,

ನಿಮ್ಮ ಅಮ್ಮನಿಗೆ ಅವರ ಒಡಹುಟ್ಟಿದ ಅಣ್ಣನ ಜೊತೆಗೇ ಮದುವೆ ಮಾಡಿಸಿಬಿಟ್ಟಿದ್ದಾರೆ. ನಗಬೇಡಿ. ಗೋಡೆಯಗಲದ ಫ್ಲೆಕ್ಸಿನ ಮೇಲೆ, ಬಣ್ಣಬಣ್ಣದ ಆಲದ ಮರದ ಚಿತ್ರದಲ್ಲಿ, ನಮ್ಮ ಸುಂದರಿ ಅಜ್ಜಿಯೂ ಅವರ ಅಣ್ಣ ತ್ಯಾಂಪಣ್ಣಜ್ಜನೂ ಗಂಡ ಹೆಂಡತಿ. ಅವರ ಕೆಳಗಿನ ಕೊಂಬೆಯಲ್ಲಿ ಮಕ್ಕಳಾಗಿ ನನ್ನ ಅಮ್ಮ ಮತ್ತು ನೀವು. ಮುಲುಂಡಿನ ಒಂದು ಹಾಲ್‌ನಲ್ಲಿ ಕುಟುಂಬದ ಮಿಲನವೆಂದು ಸೇರಿದ ಜನ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು. ಒಬ್ಬರಿಗಾದರೂ ಏನಾದರೂ ಅನ್ನಿಸಬೇಡವೇ? ಅನ್ನಿಸಬೇಕಾದರೆ ಮೊದಲು ಓದಬೇಕಲ್ಲ.

ವಿಕ್ರೋಳಿಯ ಫ್ಯಾಕ್ಟರಿಯಿಂದ ನಿವೃತ್ತರಾದ ಮೇಲೆ ನೀವು ಆ ವಂಶವೃಕ್ಷದ ಸಾಫ್ಟ್‌ವೇರ್ ಹಾಕಿಸಿಕೊಂಡದ್ದು ನೆನಪಾಗುತ್ತದೆ. ಮಾವನಿಗೆ ಕೆಲಸವಿಲ್ಲ, ಸತ್ತವರ ಗಣತಿ ಶುರುಮಾಡಿದ್ದಾರೆ ಎಂದು ಎಲ್ಲರೂ ನಕ್ಕರು. ನೀವು ಲೋಕಲ್ ರೈಲು ಹತ್ತಿ ಮನೆಮನೆಗೆ ಹೋಗಿ ಮುದುಕಿಯರ ಎದುರು ಕುಳಿತಿರಿ. ಪ್ರತಿ ಹೆಸರಿನ ಕೆಳಗೆ ಆಧಾರ ಎಂಬ ಜಾಗದಲ್ಲಿ, ಅದನ್ನು ಯಾರು ಹೇಳಿದರು, ಎಲ್ಲಿ ಕುಳಿತು ಹೇಳಿದರು ಎಂದು ತುಂಬಿಸಿದಿರಿ. ನಿಮ್ಮ ಅಪ್ಪನ ಹೆಸರಿನ ಕೆಳಗೆ ಇದ್ದದ್ದು ನನಗೆ ಬಾಯಿಪಾಠ: 'ಶೀನಪ್ಪ. ತ್ಯಾಂಪಣ್ಣನವರ ವಡಾಲದ ಹೋಟೆಲಿನಲ್ಲಿ ಅಡಿಗೆಯವರು. ಹೇಳಿದವರು ನನ್ನ ಅಮ್ಮ, ಬಸಳೆ ಬಿಡಿಸುತ್ತಾ. ಒಮ್ಮೆ ಮಾತ್ರ. ಮತ್ತೆ ಕೇಳಿದ್ದಕ್ಕೆ ಎದ್ದು ಒಳಗೆ ಹೋದರು.' ಕೈಕೂಸಾಗಿದ್ದಾಗಲೇ ಅಪ್ಪನನ್ನು ಕಳೆದುಕೊಂಡ ನಿಮಗೆ ಸಿಕ್ಕಿದ್ದು ಅಷ್ಟೇ. ಒಂದು ಫೋಟೋ ಕೂಡ ಇರಲಿಲ್ಲ.

ಒಂದು ಭಾನುವಾರ ನೀವು ಆ ಹಾಳೆಯನ್ನು ಪ್ರಿಂಟ್ ತೆಗೆಸಿಕೊಂಡು ನಮ್ಮ ಮನೆಗೆ ಬಂದಿರಿ. ನನ್ನ ಅಮ್ಮ ನಿಮ್ಮ ಅಕ್ಕ, ಅಪ್ಪನನ್ನು ಕಣ್ಣಾರೆ ಕಂಡವಳು. ಅವಳೊಬ್ಬಳು ಹೌದೆಂದರೆ ಎರಡನೇ ಸಾಕ್ಷಿಯಾಗುತ್ತದೆ ಎಂಬ ಆಸೆ ನಿಮ್ಮದು. ಮೆಲ್ಲಗೆ ಕೇಳಿದಿರಿ, "ಅಕ್ಕ, ಅಪ್ಪ ನನ್ನನ್ನು ಒಮ್ಮೆಯಾದ್ರೂ ಎತ್ತಿಕೊಂಡಿದ್ರಾ?" ಅಮ್ಮ ಹಾಳೆ ಓದಿ ಕೆಂಡವಾದಳು. "ಅಡಿಗೆಯವನ ಮಗಳು ಅಂತ ಬರ್ದು ತಂದಿದ್ದೀಯಲ್ಲ, ನನ್ನ ಗಂಡನ ಮನೆಯವರು ನೋಡಿದ್ರೆ ಎಂತ ಹೇಳ್ಲಿಕ್ಕುಂಟು?" ಗಂಡನ ಮನೆಯಲ್ಲಿ ಅವಳು ಹೇಳಿಕೊಂಡ ಪ್ರಕಾರ ಅವಳ ಅಪ್ಪ ಊರಲ್ಲಿ ಗದ್ದೆ ತೋಟ ಇದ್ದ ದೊಡ್ಡ ಕುಳ. ಗದ್ದೆಯಂತೆ! ಯಾವ ಊರಿನ ಗದ್ದೆ, ಯಾರು ಉತ್ತದ್ದು? ಅವತ್ತಿನಿಂದ ನಿಮ್ಮೊಡನೆ ಮಾತು ಬಿಟ್ಟಳು. ನೀವು ತೀರಿಕೊಂಡ ದಿನವೂ ಬಂದು ಸೆರಗು ಬಾಯಿಗಿಟ್ಟುಕೊಂಡು ಹೊಸ್ತಿಲ ಹತ್ತಿರವೇ ಕುಳಿತಳು, ಒಳಗೆ ಬರಲಿಲ್ಲ. ನನಗೆ ಅವಳ ಮೇಲೆ ಬಂದ ಹೇಸಿಗೆ ಎಷ್ಟೆಂದರೆ... ಇರಲಿ ಬಿಡಿ.

ಪ್ರವೀಣ ನೆನಪಿದ್ದಾನಲ್ಲ, ನಿಮ್ಮ ಚಿಕ್ಕಮ್ಮನ ಮೊಮ್ಮಗ? ಈಗ ಅವನು ಕುಟುಂಬದ ವಾಟ್ಸಾಪ್ ಗ್ರೂಪಿನ ಅಡ್ಮಿನ್. ಬೆಳಿಗ್ಗೆ ಎದ್ದರೆ ಗುಲಾಬಿ ಹೂವಿನ ಜೊತೆ ಸುಪ್ರಭಾತ, ರಾತ್ರಿ ನಮ್ಮ ಮೂಲಪುರುಷ ಯಾವುದೋ ಅರಸ ಎಂಬ ಸಂಶೋಧನೆ. ನೀವು ಹೋಗಿ ತಿಂಗಳು ತುಂಬುವ ಮೊದಲೇ ಫೋನ್ ಮಾಡಿದ. "ದೀದಿ, ಮಾವನ ಫೈಲ್ ಕೊಡಿ ನಾ. ಲ್ಯಾಪ್‌ಟಾಪಲ್ಲಿ ಯಾರು ಇಡ್ತಾರೆ ಈಗ? ನನ್ನ ಆನ್‌ಲೈನ್ ಟ್ರೀ ಜೊತೆ ಸಿಂಕ್ ಕರ್ ದೇತಾ ಹೂಂ, ಸಬ್ ಸೆಟ್." ಊರಿಗೆಲ್ಲ ಪ್ರಯೋಜನವಾಗಲಿ ಎಂದು ಕೊಟ್ಟೆ. ಸೆಟ್ ಆಯಿತು, ಚೆನ್ನಾಗಿಯೇ ಆಯಿತು.

ಅವನಿಗೆ ಎಲ್ಲಿಂದಲೋ ವಡಾಲದ ಮನೆಯ ಹಳೆಯ ರೇಷನ್ ಕಾರ್ಡ್ ಸಿಕ್ಕಿದೆ. ಮೊದಲ ಹೆಸರು ಯಜಮಾನ ತ್ಯಾಂಪಣ್ಣ. ಅದರ ಕೆಳಗೆ ಸುಂದರಿ. ಅದರ ಕೆಳಗೆ ಎರಡು ಮಕ್ಕಳು. ಮೇಲೆ ಗಂಡಸು, ಕೆಳಗೆ ಹೆಂಗಸು, ಆಮೇಲೆ ಮಕ್ಕಳು ಎಂದ ಮೇಲೆ ಇನ್ನೇನು, ಸಂಸಾರ! ನಮ್ಮಲ್ಲಿ ಬರಿ ಎಂಬ ಕುಲದ ಗುರುತು ಬರುವುದು ತಾಯಿಯಿಂದ, ಮನೆಯ ಯಜಮಾನಿಕೆ ಸೋದರಮಾವನದ್ದು, ವಿಧವೆಯಾದ ತಂಗಿ ಮಕ್ಕಳೊಡನೆ ಇರುವುದು ಅಣ್ಣನ ಆಸರೆಯಲ್ಲಿ. ಆ ಅಣ್ಣನ ಸ್ವಂತ ಹೆಂಡತಿ ಮಕ್ಕಳು ಊರಿನಲ್ಲಿ ಅವರ ತಾಯಿಮನೆಯಲ್ಲಿ. ಇಷ್ಟು ತಿಳಿಯಲು ಶಾಸ್ತ್ರ ಓದಬೇಕೇ? ಅಜ್ಜಿಯ ಮಡಿಲಲ್ಲಿ ಅರ್ಧ ಗಂಟೆ ಕುಳಿತಿದ್ದರೆ ಸಾಕಿತ್ತು. ಮದುವೆಯ ಮಾತು ಬಂದಾಗ ಮಾತ್ರ ಬರಿ ಕೇಳುವ ಜನ, ಉಳಿದ ದಿನ ಅದನ್ನು ಮಡಚಿ ಅಟ್ಟಕ್ಕೆ ಹಾಕಿರುತ್ತಾರೆ.

ಮಿಲನಕ್ಕೆ ಮೊದಲು ನಾನು ಆ ಆನ್‌ಲೈನ್ ಮರವನ್ನು ತೆರೆದು ನೋಡಬೇಕಿತ್ತು, ನೋಡಿದ್ದು ಆಮೇಲೆ. ಸಾಫ್ಟ್‌ವೇರ್ ಪಾಪ ಕೇಳಿಯೇ ಕೇಳುತ್ತದೆ. ಎರಡು ಕಡೆಯ ವಿಷಯ ಹೊಂದದಿದ್ದರೆ ಅಕ್ಕಪಕ್ಕ ಇಟ್ಟು, ಯಾವುದನ್ನು ಉಳಿಸಲಿ ಎನ್ನುತ್ತದೆ. ಒಂದು ಕಡೆ ನಿಮ್ಮದು: ಗಂಡ ಶೀನಪ್ಪ, ಆಧಾರ ಒಂದು. ಇನ್ನೊಂದು ಕಡೆ ಅವನದು: ಗಂಡ ತ್ಯಾಂಪಣ್ಣ, ಆಧಾರ ಎಂಟು. ಆ ಎಂಟನ್ನೂ ನಾನು ಬಿಚ್ಚಿ ನೋಡಿದೆ. ಮೊದಲನೆಯದು ರೇಷನ್ ಕಾರ್ಡಿನ ಫೋಟೋ. ಎರಡನೆಯದು ಪ್ರವೀಣನ ಮರದಿಂದ ಅದನ್ನು ಎತ್ತಿಕೊಂಡ ಬರೋಡಾದ ಸಂಬಂಧಿಯ ಮರ. ಮೂರನೆಯದು ಬರೋಡಾದವನಿಂದ ಎತ್ತಿಕೊಂಡ ದುಬೈಯವನ ಮರ. ನಾಲ್ಕನೆಯದು, ದುಬೈಯವನೂ ಹಾಗೇ ಹೇಳುತ್ತಾನೆ ಎಂದು ಖಾತ್ರಿಪಡಿಸಿಕೊಂಡು ಅವನಿಂದ ವಾಪಸು ತೆಗೆದುಕೊಂಡ ಪ್ರವೀಣನೇ! ಉಳಿದ ನಾಲ್ಕು ಇವೇ, ಎರಡನೇ ಸಲ ಸಿಂಕ್ ಒತ್ತಿದಾಗ ಮರಿ ಹಾಕಿದವು. ಕುರುಡನ ಕೈ ಕುರುಡ ಹಿಡಿದರೆ ಬಾವಿಗಾದರೂ ಬಿದ್ದು ಕಥೆ ಮುಗಿಯುತ್ತದೆ. ಇವರು ಬೀಳುವುದೂ ಇಲ್ಲ, ಸುತ್ತುತ್ತಲೇ ಇರುತ್ತಾರೆ. ನಿಮ್ಮ ಬಸಳೆಯ ಸಾಲು ಮಾತ್ರ ಆ ಕಡೆಗೆ ದಾಟಲೇ ಇಲ್ಲ. ಅಲ್ಲಿ 'ಇತರೆ' ಎಂದಿದೆ, ಕೆಳಗೆ ಖಾಲಿ. ಅಷ್ಟು ಸಾಲದೆಂದು ಆ ಸುಳ್ಳು ಮದುವೆ ಸಿಂಕ್ ಆಗಿ ಹಿಂದಿರುಗಿ ನಿಮ್ಮ ಫೈಲಿನೊಳಗೂ ಕುಳಿತುಬಿಟ್ಟಿತು.

ಹಾಲ್‌ನಲ್ಲಿ ಅಮ್ಮ ಮುಂದಿನ ಸಾಲಿನ ಕುರ್ಚಿಯಲ್ಲಿದ್ದಳು, ಪಕ್ಕದಲ್ಲಿ ಅವಳ ನಾದಿನಿ. ನನ್ನ ಅಪ್ಪನ ಕಡೆಯವರನ್ನೂ ಊಟಕ್ಕೆ ಕರೆದಿದ್ದರು. ಅಮ್ಮ ಪರ್ಸಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಫ್ಲೆಕ್ಸನ್ನು ಮೇಲಿಂದ ಕೆಳಗೆ ಓದಿದಳು. ಇನ್ನೊಮ್ಮೆ ಓದಿದಳು.

"ಯಾರು ಇದು ಬರ್ದದ್ದು?"

ಪ್ರವೀಣ ಮೈಕ್ ಹಿಡಿದುಕೊಂಡೇ ಓಡಿ ಬಂದ. "ದೊಡ್ಡಮ್ಮ, ಟೆನ್ಶನ್ ಮತ್ ಲೋ. ಪಕ್ಕಾ ಉಂಟು. ಆಠ್ ಸೋರ್ಸ್ ಹೈ! ಆ ಕುಕ್‌ವಾಲಾ ಎಂಟ್ರಿಗೆ ಒಂದೇ ಸೋರ್ಸ್ ಇತ್ತು, ಅದಕ್ಕೆ ಡಿಲೀಟ್ ಮಾಡ್ದೆ."

ಮೈಕ್ ಆನ್ ಇತ್ತು, ಮಾವಾ. ಇಡೀ ಹಾಲ್‌ಗೆ ಕೇಳಿಸಿತು. ಅಮ್ಮನ ನಾದಿನಿ ತಿರುಗಿ ನೋಡಿದರು. ನಾನು ಅಮ್ಮನ ಮುಖವನ್ನೇ ನೋಡುತ್ತಿದ್ದೆ. ಸುಮ್ಮನಿದ್ದರೆ ಅವಳ ಮರ್ಯಾದೆ ಉಳಿಯುತ್ತಿತ್ತು, ಅವಳ ತಾಯಿಯದ್ದು ಹೋಗುತ್ತಿತ್ತು. ಅಡಿಗೆಯವನ ಹೆಸರನ್ನು ಇವನೇ ಅಳಿಸಿಕೊಟ್ಟಿದ್ದಾನೆ, ಇನ್ನು ಗದ್ದೆಯ ಕಥೆಯನ್ನು ಸಾಯುವವರೆಗೂ ಹೇಳಿಕೊಂಡಿರಬಹುದಿತ್ತು. ಅವಳು ಕುರ್ಚಿಯ ಕೈ ಹಿಡಿದು ಎದ್ದು ನಿಂತಳು.

"ನಿನ್ನ ಸೋರ್ಸಿಗೆ ಬೆಂಕಿ ಬೀಳ್ಲಿ. ನನ್ನ ಅಮ್ಮನನ್ನು ಅವಳ ಅಣ್ಣನಿಗೇ ಕಟ್ಟಿದ್ದೀಯಲ್ಲ, ನಾಲಗೆಗೆ ಮೂಳೆ ಇಲ್ಲಾಂತ ಕೈಗೂ ಇಲ್ವಾ ನಿಂಗೆ? ನನ್ನ ಅಪ್ಪ ಶೀನಪ್ಪ. ಹೌದು, ಅಡಿಗೆಯವರು. ಇದೇ ತ್ಯಾಂಪಣ್ಣ ಮಾವನ ಹೋಟೆಲಿನಲ್ಲಿ ಒಲೆ ಮುಂದೆ ನಿಂತವರು. ನಾನು ನೋಡಿದ್ದೇನೆ, ಅವರ ಕೈಯ ಅನ್ನ ಉಂಡಿದ್ದೇನೆ. ಬರೆ ಅದನ್ನು. ಈಗ ಬರೆ, ನನ್ನ ಎದುರಿಗೆ."

ಪ್ರವೀಣ "ದೊಡ್ಡಮ್ಮ, ಎಡಿಟ್ ಕರ್ನಾ ಪಡೇಗಾ, ಫ್ಲೆಕ್ಸ್ ತೋ ಪ್ರಿಂಟ್..." ಎಂದು ಏನೋ ತೊದಲಿದ. ಅವನನ್ನು ಯಾರು ಕೇಳುತ್ತಾರೆ? ಅಮ್ಮ ನಾದಿನಿಯ ಕಡೆಗೂ ನೋಡಲಿಲ್ಲ. ಊಟವನ್ನೂ ಮುಟ್ಟದೆ ನನ್ನ ಕೈ ಹಿಡಿದು ರಿಕ್ಷಾ ಹತ್ತಿದಳು. ಪಶ್ಚಾತ್ತಾಪವೆಂದು ನೀವು ತಿಳಿದುಕೊಳ್ಳಬೇಡಿ, ಮಾವಾ. ನೀವು ಕೈಮುಗಿದು ಕೇಳಿದಾಗ ಬಾರದ ಮಾತು ಒಬ್ಬ ಪೆದ್ದನ ಮೇಲಿನ ಸಿಟ್ಟಿಗೆ ಹೊರಗೆ ಬಂತು. ನಿಮ್ಮ ಅಕ್ಕನ ಯೋಗ್ಯತೆ ಅಷ್ಟೇ, ಆದರೂ ಅವತ್ತು ಅವಳ ಪಕ್ಕದಲ್ಲಿ ಕುಳಿತು ನನಗೆ ಹೆಮ್ಮೆಯಾಯಿತು.

ಮನೆಗೆ ಬಂದ ಮೇಲೆ ನಿಮ್ಮ ಪೆನ್‌ಡ್ರೈವ್ ಹುಡುಕಿದೆ. ಫೈಲನ್ನು ಯಾರಿಗೇ ಕೊಡುವ ಮೊದಲು ಒಂದು ಪ್ರತಿ ತೆಗೆದಿಡು ಎಂದು ನೀವು ತಲೆ ತಿಂದದ್ದು ಸಾರ್ಥಕವಾಯಿತು. ಹಳೆಯ ಫೈಲು ಇದ್ದ ಹಾಗೇ ಇದೆ. ಪ್ರವೀಣನ ಮರದ ಜೊತೆಗಿನ ಸಂಪರ್ಕ ಕಡಿದೆ. ನಿಮ್ಮ ಅಪ್ಪನ ಹೆಸರಿನ ಕೆಳಗೆ ಎರಡನೇ ಆಧಾರ ಸೇರಿಸುತ್ತೇನೆ ಎಂದಾಗ ಅಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತಳು. ನಾನು ಟೈಪ್ ಮಾಡಿದೆ: 'ಹೇಳಿದವರು ಹಿರಿಯ ಮಗಳು, ಕಣ್ಣಾರೆ ಕಂಡದ್ದು.' ಅಮ್ಮ ಪರದೆಯನ್ನೇ ನೋಡುತ್ತಿದ್ದಳು. ನಾನು ಏನೂ ಕೇಳಿರಲಿಲ್ಲ. ತಾನಾಗಿಯೇ ಹೇಳಿದಳು.

"ತಮ್ಮ ಅವತ್ತು ಕೇಳಿದ್ದ. ನಾನು ಹೇಳ್ಲಿಲ್ಲ. ಮಧ್ಯಾಹ್ನ ಗಿರಾಕಿ ಕಡಿಮೆ ಆದ ಮೇಲೆ ಅಮ್ಮ ಅವನನ್ನು ಹೋಟೆಲಿನ ಹಿಂದಿನ ಬಾಗಿಲಿಗೆ ತೆಕ್ಕೊಂಡು ಹೋಗ್ತಿದ್ಳು, ನಾನೂ ಹೋಗ್ತಿದ್ದೆ. ಅಪ್ಪನ ಕೈ ಯಾವಾಗ್ಲೂ ಕಾದಿರ್ತಿತ್ತು, ಒಲೆ ಮುಂದೆ ನಿಂತು ನಿಂತು. ಕೂಸಿಗೆ ಬಿಸಿ ತಾಗ್ತದೆ ಅಂತ ಹೇಳಿ ಕೈ ಎರಡನ್ನೂ ತಣ್ಣೀರಲ್ಲಿ ಮುಳುಗಿಸಿ, ಒರೆಸಿ, ಕೆನ್ನೆಗೆ ಇಟ್ಟು ನೋಡಿ, ಆಮೇಲೆ ಅವನನ್ನು ಎತ್ತಿಕೊಳ್ತಿದ್ರು. ದಿನಾ."

ಮಾವಾ, ಇದನ್ನು ನಿಮ್ಮ ಹೆಸರಿನ ಕೆಳಗೆ ಬರೆದಿದ್ದೇನೆ. ಆಧಾರ ಒಂದೇ. ಯಾವ ಮರಕ್ಕೂ ಸಿಂಕ್ ಮಾಡುವುದಿಲ್ಲ.

ನಿಮ್ಮ ಸೋದರಸೊಸೆ