ಹೆಸರೊಂದು, ಒಳಗೊಂದು

ಫೆಬ್ರವರಿ 3, ಸೋಮವಾರ

ಹಾಲು ಮತ್ತೆ ಸೀದಿತು. ತಳ ಉಜ್ಜಿ ಉಜ್ಜಿ ಉಗುರು ಸವೆಯಿತು. ಕಿಟಕಿಗಳನ್ನೆಲ್ಲ ತೆರೆದಿಟ್ಟೆ. ಆದರೂ ಮಗ ಬಾಗಿಲಲ್ಲೇ, "ಏನಮ್ಮಾ, ಏನೋ ಸೀದ ವಾಸನೆ?" ಅಂದ.

"ಕೆಳಮನೆಯವಳದ್ದು ಕಣೋ. ಒಲೆ ಮೇಲೆ ಇಟ್ಟದ್ದು ನೆನಪಿದ್ದರೆ ತಾನೆ ಅವಳಿಗೆ" ಅಂದೆ. ಪಾಪ, ಕೆಳಮನೆಯವಳು ಊರಲ್ಲೇ ಇಲ್ಲ.

ಜ್ವರ ಬಂತು, ಹೋಯಿತು. ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಮೂಗು ಮಾತ್ರ ಮುಖದ ಮೇಲೆ ಹಾಗೇ ಕೂತಿದೆ — ಕೆಲಸ ಮಾಡದೆ ಕುರ್ಚಿಯನ್ನೂ ಬಿಡದ ಗುಮಾಸ್ತನ ಹಾಗೆ. ಬೆಳ್ಳುಳ್ಳಿ, ಸೋಪು, ಗ್ಯಾಸು... ಎಲ್ಲ ಒಂದೇ. ಹೋದ ವಾರ ಹಾಲು ಉಕ್ಕಿ ಉರಿ ಆರಿಸಿತ್ತು. ಸುಂಯ್ ಎನ್ನುವ ಸದ್ದು ಕೇಳಿ ತಿರುಗಿ ಗ್ಯಾಸು ನಿಲ್ಲಿಸಿದೆ. ಸದ್ದು ಕೇಳದಿದ್ದರೆ?

ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ. ಮೊಮ್ಮಗಳನ್ನು ಡೇಕೇರಿಗೆ ಹಾಕೋಣ, ಅಮ್ಮನಿಗೂ ವಯಸ್ಸಾಯಿತು ಎಂದು ಮಗ ಆಗಲೇ ಒಂದು ಸಲ ರಾಗ ತೆಗೆದಿದ್ದ. ಸೊಸೆಯೇ ಅಡ್ಡ ಬಂದು, "ಅತ್ತೆ ಇರುವಾಗ ಯಾಕೆ?" ಅಂದಳು. ಇದು ಗೊತ್ತಾದರೆ ಅವಳೂ ಹಾಗೆ ಅನ್ನಲಾರಳು. ಒಲೆಯೂ ಹೋಯಿತು, ಕೂಸೂ ಹೋಯಿತು. ಚೋಟುದ್ದ ಇದೆ, ಅದಕ್ಕೇ ನಾನಿಟ್ಟ ಹೆಸರು ಚೋಟಿ. ಅದಿಲ್ಲದ ಹಗಲು... ಬರೆಯಲಾರೆ.

ಫೆಬ್ರವರಿ 6, ಗುರುವಾರ

ಸೊಸೆ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವವಳು. ಈಗ ಅವಳ ಕಣ್ಣು ನನ್ನ ಉಗ್ರಾಣದ ಮೇಲೆ ಬಿದ್ದಿದೆ. ಉಗ್ರಾಣ ಅಂದರೆ ಅಡುಗೆಮನೆ ಪಕ್ಕದ ಗೂಡು. ಒಳಗೆ ಹೋದವರು ಹಿಮ್ಮುಖವಾಗಿಯೇ ಹೊರಬರಬೇಕು.

"ಬೇಜಾರು ಮಾಡ್ಕೋಬೇಡಿ ಅತ್ತೆ, ಭಾನುವಾರ ನಾನೇ ಎಲ್ಲ ಜೋಡಿಸ್ತೀನಿ. ನಿಮ್ಮ ಡಬ್ಬ ತೆಗೆಯೋದು ಅಂದ್ರೆ ಲಾಟರಿ ತೆಗೆದ ಹಾಗೆ."

ಸುಳ್ಳಲ್ಲ. ನನ್ನ ಡಬ್ಬಗಳದ್ದು ಹೆಸರೊಂದು, ಒಳಗೊಂದು. ಕಾಫಿ ಡಬ್ಬದಲ್ಲಿ ಉಪ್ಪು. ಚಾಕೊಲೇಟ್ ಡಬ್ಬದಲ್ಲಿ ಬೇಳೆ. ಖಾಲಿ ಡಬ್ಬ ಎಸೆಯುವ ಮನೆಯಲ್ಲಿ ಹುಟ್ಟಿದವಳಲ್ಲ ನಾನು. ಮುಚ್ಚಳ ತೆಗೆದು ಮೂಸಿದರೆ ಆಯಿತು, ಓದುವ ಗೋಜೇ ಇಲ್ಲ. ಮೇಲಿನ ಹಲಗೆಯ ಮೂಲೆಯಲ್ಲಿ ಚೋಟಿಯ ಹಳೆಯ ಹಾಲುಪುಡಿ ಡಬ್ಬ. ಅದರಲ್ಲಿ ಜಿರಳೆ ಪುಡಿ. ಅದಕ್ಕೊಂದಕ್ಕೆ ಆಸ್ಪತ್ರೆಯ ವಾಸನೆ ಇದೆ.

ಇತ್ತು.

ಫೆಬ್ರವರಿ 9, ಭಾನುವಾರ. ಸಂಜೆ

ಚೋಟಿಯ ಜೊತೆ ನನ್ನನ್ನು ಪಾರ್ಕಿಗೆ ಅಟ್ಟಿದರು. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗಾಜಿನ ಜಾರುಗಳು. ಒಂದೇ ಅಳತೆ, ಒಂದೇ ಮುಚ್ಚಳ, ಹೊಟ್ಟೆಯ ಮೇಲೆ ಚೀಟಿ. ಸ್ಕೂಲಿನಲ್ಲಿ ಸಾಲು ನಿಲ್ಲಿಸಿದ ಮಕ್ಕಳ ಹಾಗೆ. ನನ್ನ ಡಬ್ಬಗಳು ತೊಳೆಸಿಕೊಂಡು ಗುಜರಿ ಚೀಲ ಸೇರಿದ್ದವು. ಹಾಲುಪುಡಿ ಡಬ್ಬವೂ. ಫಳಫಳ ಹೊಳೆಯುತ್ತಿತ್ತು.

ಡಬ್ಬ ಎತ್ತಿ ಹಿಡಿದೆ. "ಇದರಲ್ಲಿದ್ದದ್ದು?"

"ಅದನ್ನೇ ಕೇಳೋಣ ಅಂತಿದ್ದೆ ಅತ್ತೆ. ನಾಲ್ಕು ಬಿಳಿ ಪುಡಿ ಸಿಕ್ಕಿವೆ. ಮೈದಾ, ಅಕ್ಕಿ ಹಿಟ್ಟು, ಕಾರ್ನ್‌ಫ್ಲೋರು, ಜಿರಳೆ ಪುಡಿ — ಅಲ್ವಾ? ಯಾವ ಡಬ್ಬದ್ದು ಯಾವ ಜಾರಿಗೆ ಹೋಯ್ತೋ ನೆನಪಿಲ್ಲ. ಧೂಳಿಗೆ ನನ್ನ ಮೂಗು ಬೇರೆ ಕಟ್ಟಿದೆ. ಚೀಟಿ ಹಾಕದೆ ಇಟ್ಟಿದೀನಿ. ನೀವು ಮೂಸಿ ಹೇಳಿಬಿಡಿ."

ಮಗ ನಕ್ಕ. "ಅಮ್ಮನ ಮೂಗು ಪೊಲೀಸ್ ನಾಯಿ ಮೂಗು ಕಣೇ."

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಒಂದೊಂದನ್ನೇ ಮೂಗಿಗೆ ಹಿಡಿದೆ. ಗಾಳಿ. ಗಾಳಿ. ಬರೀ ಗಾಳಿ. 'ಗೊತ್ತಾಗುತ್ತಿಲ್ಲ' ಎನ್ನುವ ಮಾತು ಹಲ್ಲಿನ ತನಕ ಬಂತು. ಚೋಟಿ ನನ್ನ ಬೆರಳು ಹಿಡಿದು ನಿಂತಿತ್ತು. ಮಾತು ನುಂಗಿದೆ.

"ಇದು ಮೈದಾ. ಇದು ಕಾರ್ನ್‌ಫ್ಲೋರು. ಇದು ಅಕ್ಕಿ ಹಿಟ್ಟು. ಥೂ... ಇದು ಜಿರಳೆ ಪುಡಿ."

ಥೂ ಅಂದದ್ದು ನಾಟಕ.

ಸೊಸೆ ಬರೆದಳು, ಅಂಟಿಸಿದಳು. ಈಗ ಯಾವ ಜಾರಿನಲ್ಲಿ ಏನಿದೆ ಎಂದು ಮನೆಗೆಲ್ಲ ಗೊತ್ತು. ನನಗೊಬ್ಬಳಿಗೇ ಗೊತ್ತಿಲ್ಲ.

ಫೆಬ್ರವರಿ 10. ಮಧ್ಯಾಹ್ನ

ನಾಲಿಗೆಯ ತುದಿಗೆ ಒಂದೊಂದು ಚಿಟಿಕೆ ಇಟ್ಟು ಉಗಿದೆ. ಎಲ್ಲವೂ ಗೋಡೆಯ ಸುಣ್ಣ. ಮೂಗು ಸತ್ತರೆ ನಾಲಿಗೆಗೂ ಸೂತಕ. ಬೆರಳಲ್ಲಿ ಉಜ್ಜಿ ನೋಡಿದೆ. ಬಿಸಿ ಪಾತ್ರೆ ಹಿಡಿದೂ ಹಿಡಿದೂ ಜಡ್ಡುಗಟ್ಟಿದ ಬೆರಳು, ಅದಕ್ಕೇನು ತಿಳಿಯುತ್ತದೆ.

ಎಲ್ಲ ಸುರಿದುಬಿಡೋಣ ಅಂದರೆ, ಸೊಸೆ ಒಂದು ಪುಸ್ತಕ ಕಾಣದಿದ್ದರೂ ಊಟ ಬಿಡುವವಳು. ಕೇಳುತ್ತಾಳೆ. ಏನೆನ್ನಲಿ?

ಜಿರಳೆಗಳನ್ನೇ ಕೇಳಿದರಾಯಿತು. ಜಿರಳೆ ಪುಡಿ ಎಂದು ಬರೆದ ಜಾರಿನಿಂದ ಒಂದು ಚಮಚ ತೆಗೆದು ಸಿಂಕಿನ ಕೆಳಗೆ ಹಾಕಿದ್ದೇನೆ. ಅದೊಂದು ನಿಜವಾದರೆ ಉಳಿದ ಮೂರರ ಚಿಂತೆಯಿಲ್ಲ.

ಫೆಬ್ರವರಿ 12

ಸಿಂಕಿನ ಕೆಳಗೆ ನೆಕ್ಕಿದ ಹಾಗೆ ಸ್ವಚ್ಛ. ಒಂದು ಜಿರಳೆಯೂ ಸತ್ತಿಲ್ಲ. ಮೈಕೈ ತುಂಬಿಕೊಂಡಿವೆ. ಒಂದಂತೂ ನನ್ನ ಮುಂದೆಯೇ ಮೀಸೆ ಆಡಿಸಿಕೊಂಡು ಹೋಯಿತು.

ಹಾಗಾದರೆ ವಿಷ ಎಲ್ಲಿ?

ಮೈದಾದಲ್ಲಿ. ಇಲ್ಲ, ಅಕ್ಕಿ ಹಿಟ್ಟಿನಲ್ಲಿ. ಇಲ್ಲ...

ಅಕ್ಷರ ಸಾಲು ಬಿಟ್ಟು ಓಡುತ್ತಿದೆ.

ಫೆಬ್ರವರಿ 13. ಬೆಳಗ್ಗೆ 11

ಚೋಟಿ ಹೊಟ್ಟೆನೋವು ಅಂದಿತು. ಮಂಡಿಯೂರಿ ಅದರ ಗಲ್ಲ ಹಿಡಿದೆ.

"ಏನು ತಿಂದೆ? ಅಮ್ಮ ಹಿಟ್ಟಿನದ್ದೇನಾದರೂ ಮಾಡಿಕೊಟ್ಟಳಾ? ಹೇಳೇ!"

"ಬೈಯಲ್ಲ ಅಂದ್ರೆ ಹೇಳ್ತೀನಿ."

"ಬೈಯಲ್ಲ ನನ್ನಮ್ಮ."

"ಕ್ರೇಯಾನ್ ತಿಂದೆ. ಹಸಿರು. ಚೆನ್ನಾಗಿಲ್ಲ ಅಜ್ಜಿ."

ನಾಲಿಗೆ ಚಾಚಿತು. ಗಿಳಿಹಸಿರು. ಹೋದ ಜೀವ ಬಂತು. ಅಪ್ಪಿಕೊಂಡು ಅತ್ತುಬಿಟ್ಟೆ. ಕೂಸಿಗೇ ಗಾಬರಿ — ಕ್ರೇಯಾನಿಗೆ ಅಜ್ಜಿ ಇಷ್ಟೊಂದು ಅಳುತ್ತಾಳಾ ಅಂತ.

ಶನಿವಾರ ಸೊಸೆ ಕೆಲಸಕ್ಕೆ ಹೋದ ಕೂಡಲೇ ನಾಲ್ಕನ್ನೂ ಸುರಿಯುವುದು. ಹುಳ ಬಿದ್ದಿತ್ತು ಅಂದರಾಯಿತು.

ಫೆಬ್ರವರಿ 15, ಶನಿವಾರ

ನಾನೊಂದು ನೆನೆದರೆ... ಸೊಸೆ ರಜೆ ಹಾಕಿದ್ದಾಳೆ. ಮಗಳಿಗೆ ಕೇಕ್ ಮಾಡುತ್ತಾಳಂತೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೈದಾ ಎಂದು ಬರೆದ ಜಾರು ಮೇಜಿನ ಮೇಲಿದೆ, ಚೋಟಿ ಸ್ಟೂಲ್ ಹತ್ತಿ ಚಮಚ ಹಿಡಿದಿದೆ. "ಅಜ್ಜಿ, ನಾನೇ ಹಾಕೋದು!"

ಕೈ ಬೀಸಿದೆ. ಜಾರು ನೆಲಕ್ಕೆ. ಗೂಡಿಗೆ ನುಗ್ಗಿ ಉಳಿದ ಮೂರಕ್ಕೂ ಮೊಣಕೈ ಕೊಟ್ಟೆ. ಗಾಜು, ಬಿಳಿ ಮೋಡ, ಕೂಸಿನ ಚೀರಾಟ. "ತಲೆ ಸುತ್ತಿತು" ಅಂದೆ.

ಮಗ ಓಡಿ ಬಂದ. "ನಾನು ಹೇಳ್ತಿದ್ದದ್ದು ಇದಕ್ಕೇ. ಇನ್ನಾದ್ರೂ ಮಗೂನ ಡೇಕೇರಿಗೆ—"

ಗುಡಿಸುತ್ತಿದ್ದ ಸೊಸೆ ನಿಂತಳು. ಕಟ್ಟಿದ್ದ ಅವಳ ಮೂಗು ಈಗ ಬಿಟ್ಟಿದೆ. ಮೇಜಿನ ಹತ್ತಿರದ ಒಂದು ಚೂರು ಎತ್ತಿದಳು. "ಅತ್ತೆ, ಇಲ್ಲಿ ಆಸ್ಪತ್ರೆ ವಾಸನೆ ಬರ್ತಿದೆ. ಚೀಟಿ ನೋಡಿದ್ರೆ ಮೈದಾ ಅಂತಿದೆ."

"ನೆಲದ ಮೇಲೆ ಎಲ್ಲ ಬೆರೆತಿಲ್ಲವೇನಮ್ಮ? ಚೀಟಿಗೇನು ಗೊತ್ತು."

"ನಿಮ್ಮ ಮೂಗು ಸರಿ ಇದೆ ತಾನೇ?"

"ನಿನ್ನ ಮೂಗಿಗಿಂತ ನೆಟ್ಟಗಿದೆ."

ನಂಬಿದಳು. ಗಂಡನ ಕಡೆ ತಿರುಗಿ, "ಒಂದ್ಸಲ ತಲೆ ಸುತ್ತಿದ್ದಕ್ಕೆ ಡೇಕೇರ್ ಯಾಕೆ? ಅತ್ತೆ ಇದಾರಲ್ಲ" ಅಂದಳು.

ಬೈದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

ಫೆಬ್ರವರಿ 21, ಶುಕ್ರವಾರ. ಸಂಜೆ 6.30

ಇಷ್ಟು ದಿನ ಪೆನ್ನು ಹಿಡಿಯಲಾಗಲಿಲ್ಲ. ಕಣ್ಣು ಮುಚ್ಚಿದರೆ ಸ್ಟೂಲ್, ಚಮಚ.

ಇವತ್ತು ಹೇಳಿಬಿಡುತ್ತೇನೆ. ಸೊಸೆ ಬಂದು ಚಪ್ಪಲಿ ಬಿಡುವ ಮೊದಲೇ. ಚೋಟಿ ಮಲಗಿದೆ. ಅದಕ್ಕೆ ಹಾಲು ಸಣ್ಣ ಉರಿಯಲ್ಲಿಟ್ಟು ಬಂದು ಕೂತಿದ್ದೇನೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಬರೆದುಕೊಂಡರೆ ಬಾಯಿ ತಡವರಿಸುವುದಿಲ್ಲ.

'ನೋಡಮ್ಮ, ನನ್ನ ಮೂಗು ಹೋಗಿದೆ. ಆ ಚೀಟಿಗಳೆಲ್ಲ ನನ್ನ ಸುಳ್ಳು. ಕೂಸನ್ನು ಡೇಕೇರಿಗೆ ಹಾಕು. ಸಂಜೆ ಒಂದಿಷ್ಟು ಹೊತ್ತು ನನ್ನ ಹತ್ತಿರ...'

ಬೇಡ. ಬೇಡಿಕೊಂಡ ಹಾಗಾಯಿತು. ಇನ್ನೊಮ್ಮೆ.

'ನೋಡಮ್ಮ, ನನ್ನ ಮೂಗು—'

ಚೋಟಿ ಎದ್ದಿದೆ. ಅಡುಗೆಮನೆ ಬಾಗಿಲಿನಿಂದ ಕೂಗುತ್ತಿದೆ. "ಅಜ್ಜೀ, ಏನಿದು ಗಬ್ಬು ವಾಸನೆ? ಕತ್ತಲೆ ಇದೆ, ಲೈಟ್ ಹಾಕ್ಲಾ?"

ಬಂದೆ ಕಣೇ, ಇದೊಂದು ಸಾಲು. ನನ್ನ ಮೂಗು

ವಾಸನೆ ಅಂದಿತೇ? ಹಾಲು ಒಲೆ ಮೇ